ಮಾತ್ರೆಯಾ, ಕಸಿಯಾ? ಗಂಡಸರ ಬೊಕ್ಕತಲೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೀಗ 38. 24ಕ್ಕೆ ಹಣೆ ಮೇಲಕ್ಕೆ ಸರಿಯಲು ಶುರುವಾಯಿತು, 28ಕ್ಕೆ ಮಾತ್ರೆ ಹಿಡಿದೆ, 33ಕ್ಕೆ ಕಸಿ ಮಾಡಿಸಿಕೊಂಡೆ. ಅಂದಿನಿಂದ ಯಾವ ಮದುವೆಗೆ ಹೋದರೂ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ನನ್ನನ್ನು ಕಂಬದ ಹಿಂದಕ್ಕೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, "ಗುರು, ಅದು ಎಷ್ಟಾಯ್ತು?" ಎಂದು ಕೇಳುತ್ತಾರೆ. ಆಮೇಲೆ ಬರುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ. ಓದಿದ್ದು, ಚರ್ಮದ ಡಾಕ್ಟರನ್ನು ಕಾಡಿ ಕೇಳಿ ತಿಳಿದುಕೊಂಡಿದ್ದು, ನನ್ನ ತಲೆಯ ಮೇಲೇ ನಡೆದಿದ್ದು, ಇಷ್ಟನ್ನು ಇಲ್ಲಿ ಬರೆದಿದ್ದೇನೆ. ಹೆಂಗಸರ ಕೂದಲು ಉದುರುವ ಲೆಕ್ಕ ಬೇರೆ, ಅದು ಇಲ್ಲಿಲ್ಲ.

ಬೆಂಗಳೂರಿಗೆ ಬಂದ ಮೇಲೇ ಶುರುವಾಗಿದ್ದು. ನೀರಿನಿಂದ ಅಲ್ವಾ?

ಅಲ್ಲ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಗಡಸು, ನಿಜ. ಅದರಲ್ಲಿ ತಲೆ ತೊಳೆದರೆ ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಮಧ್ಯಕ್ಕೆ ತುಂಡಾಗುತ್ತದೆ. ಆದರೆ ಒಂದು ಮಾತು ಯೋಚನೆ ಮಾಡಿ. ಅದೇ ಬಕೆಟ್ಟಿನ ಅದೇ ನೀರು ಹಿಂದಲೆಗೂ ಬೀಳುತ್ತದೆ. ಮತ್ತೆ ಮುಂದಲೆ, ಸುಳಿಯ ಜಾಗ ಮಾತ್ರ ಖಾಲಿಯಾಗಿ, ಹಿಂದಲೆಯ ಕೂದಲು ಯಾಕೆ ದಟ್ಟವಾಗಿ ನಿಂತಿದೆ? ನಾವು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುವುದು 21, 22ರ ವಯಸ್ಸಿಗೆ. ಈ ಬೋಳು ಶುರುವಾಗುವ ವಯಸ್ಸೂ ಬಹಳ ಜನರಿಗೆ ಅದೇ. ಪಾಪ, ಬೈಸಿಕೊಳ್ಳುವುದು ನೀರು. ಹೆಲ್ಮೆಟ್ಟಿಗೂ ಇದೇ ಉತ್ತರ. ದಯವಿಟ್ಟು ಹೆಲ್ಮೆಟ್ ತೆಗೆಯಬೇಡಿ.

ಹಾಗಾದರೆ ನಿಜವಾದ ಕಾರಣ?

ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ದೇಹದೊಳಗೆ ಸ್ವಲ್ಪ ಪ್ರಮಾಣದಲ್ಲಿ ಡೈಹೈಡ್ರೋಟೆಸ್ಟೋಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ. ಚಿಕ್ಕದಾಗಿ ಡಿಎಚ್‌ಟಿ ಅನ್ನೋಣ. ಅನುವಂಶೀಯವಾಗಿ ಬೋಳಾಗುವ ಗುಣ ಇರುವವರಲ್ಲಿ ಮುಂದಲೆ ಮತ್ತು ಸುಳಿಯ ಕೂದಲಿನ ಬುಡಗಳಿಗೆ ಈ ಡಿಎಚ್‌ಟಿ ಆಗಿಬರುವುದಿಲ್ಲ. ಒಂದು ಕೂದಲು ಸಾಮಾನ್ಯವಾಗಿ 2ರಿಂದ 6 ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು 3 ತಿಂಗಳು ಸುಮ್ಮನಿದ್ದು ಉದುರುತ್ತದೆ, ಅದೇ ಬುಡದಿಂದ ಹೊಸದು ಬರುತ್ತದೆ. ಡಿಎಚ್‌ಟಿ ತಾಗಿದ ಬುಡದಲ್ಲಿ ಪ್ರತಿ ಸುತ್ತಿಗೂ ಬರುವ ಕೂದಲು ಮೊದಲಿಗಿಂತ ತೆಳ್ಳಗೆ, ಗಿಡ್ಡಗೆ. ಕೊನೆಗೆ ಮಗುವಿನ ಕೆನ್ನೆಯ ಮೇಲಿನ ರೋಮದಂತೆ ಆಗುತ್ತದೆ. ಅಂದರೆ ಕೂದಲು ಒಂದು ದಿನ ಬಿದ್ದು ಹೋಗುವುದಲ್ಲ, ವರ್ಷಗಟ್ಟಲೆ ಸೊರಗುವುದು.

ಇದು ಗೊತ್ತಾದ ಕಥೆ ಚೆನ್ನಾಗಿದೆ. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಎಂಬ ವಿಜ್ಞಾನಿ, ಹರೆಯಕ್ಕೆ ಮುಂಚೆಯೇ ವೃಷಣ ಕಳೆದುಕೊಂಡವರಿಗೆ ಬೋಳಾಗುವುದಿಲ್ಲ ಎಂದು ತೋರಿಸಿದ. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಒಂದು ಹಳ್ಳಿಯ ಬಗ್ಗೆ ವರದಿ ಬಂತು. ಅಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಡಿಎಚ್‌ಟಿ ಮಾಡುವ ಕಿಣ್ವದ ಕೊರತೆ. ಅವರು ದೊಡ್ಡವರಾದ ಮೇಲೂ ಪ್ರೋಸ್ಟೇಟ್ ಗ್ರಂಥಿ ಸಣ್ಣದಾಗಿಯೇ ಇತ್ತು, ತಲೆಯೂ ಬೋಳಾಗಿರಲಿಲ್ಲ. ಆ ಕಿಣ್ವವನ್ನೇ ಮಾತ್ರೆಯಿಂದ ತಡೆದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ.

ಅಪ್ಪನಿಗೆ ಇವತ್ತಿಗೂ ತಲೆ ತುಂಬ ಕೂದಲು. ನನಗೇಕೆ ಹೀಗೆ?

ಸೋದರಮಾವನ ತಲೆ ನೋಡಿ. ಅಲ್ಲೂ ಕೂದಲಿದ್ದರೆ ಅಜ್ಜಂದಿರ ಹಳೇ ಫೋಟೋ ತೆಗೆಯಿರಿ. ಇದಕ್ಕೆ ಕಾರಣವಾಗುವ ಜೀನ್ ಒಂದಲ್ಲ, ಹಲವು. ಎರಡೂ ಕಡೆಯಿಂದ ಬರುತ್ತವೆ.

ದಿನಾ ಬಾಚಣಿಗೆ ತುಂಬ ಕೂದಲು ಬರುತ್ತಿದೆ. ನನ್ನದೂ ಇದೇನಾ?

ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತದೆ. ಡೆಂಗಿ, ಟೈಫಾಯ್ಡ್, ಕೋವಿಡ್, ದೊಡ್ಡ ಆಪರೇಷನ್, ಹಟಕ್ಕೆ ಬಿದ್ದು ಮಾಡಿದ ಡಯಟ್ ಇವುಗಳಾದ ಎರಡು ಮೂರು ತಿಂಗಳಿಗೆ ಇಡೀ ತಲೆಯಿಂದ ಗೊಂಚಲು ಗೊಂಚಲಾಗಿ ಉದುರಬಹುದು. ಅದು ನೋಡಲು ಭಯಂಕರ, ಆದರೆ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ವಾಪಸ್ ಬರುತ್ತದೆ. ಅದಕ್ಕೆ ಕಸಿ ಮಾಡಿಸಿದರೆ ದುಡ್ಡು ದಂಡ. ನಾಣ್ಯದ ಅಗಲಕ್ಕೆ ಚಕ್ಕೆ ಚಕ್ಕೆಯಾಗಿ ಉದುರಿದರೆ ಅದು ಇನ್ನೊಂದು ಕಾಯಿಲೆ. ನಮ್ಮ ವಿಷಯದ ಬೋಳಿನಲ್ಲಿ ಉದುರುವ ಲೆಕ್ಕಕ್ಕಿಂತ ಆಕಾರ ಮುಖ್ಯ. ಹಣೆಯ ಎರಡೂ ಮೂಲೆ ಒಳಕ್ಕೆ ಹೋಗುವುದು, ಸುಳಿ ಅಗಲವಾಗುವುದು. ಚರ್ಮದ ಡಾಕ್ಟರ್ ಒಂದು ಭೂತಗನ್ನಡಿ ಇಟ್ಟು ನೋಡಿದರೆ ಸಣಕಲು ಕೂದಲು ದಪ್ಪ ಕೂದಲು ಬೆರೆತಿರುವುದು ಕಾಣುತ್ತದೆ. ಮೊದಲು ಅದನ್ನು ಮಾಡಿಸಿ. ಏನು ಅಂತಲೇ ಗೊತ್ತಿಲ್ಲದೆ ಮದ್ದು ಶುರು ಮಾಡುವುದು ಬೇಡ.

ಆ ಮಾತ್ರೆ ಯಾವುದು, ಏನು ಮಾಡುತ್ತದೆ?

ಫಿನಾಸ್ಟರೈಡ್. 1992ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ವಯಸ್ಸಾದವರ ಪ್ರೋಸ್ಟೇಟ್ ತೊಂದರೆಗೆ, 5 ಮಿಲಿಗ್ರಾಂ. ಕೂದಲಿಗೆ 1 ಮಿಲಿಗ್ರಾಂ ಮಾತ್ರೆಗೆ ಒಪ್ಪಿಗೆ ಸಿಕ್ಕಿದ್ದು 1997ರ ಕೊನೆಯಲ್ಲಿ. ದಿನಕ್ಕೊಂದು. ರಕ್ತದಲ್ಲಿನ ಡಿಎಚ್‌ಟಿಯನ್ನು ನೂರಕ್ಕೆ ಸುಮಾರು 70 ಪಾಲು ಇಳಿಸುತ್ತದೆ.

ಇದರ ಮುಖ್ಯ ಕೆಲಸ ಇರುವುದನ್ನು ಉಳಿಸುವುದು. ಹೋಗಿದ್ದನ್ನು ತರುವುದು ಎರಡನೇ ಮಾತು. 5 ವರ್ಷ ನಡೆದ ದೊಡ್ಡ ಪರೀಕ್ಷೆಯಲ್ಲಿ ಮಾತ್ರೆ ತಿಂದ 10 ಜನರಲ್ಲಿ 9 ಜನರಿಗೆ ಕೂದಲು ಹೆಚ್ಚಿತ್ತು ಅಥವಾ ಇದ್ದಷ್ಟೇ ಇತ್ತು. ಔಷಧಿಯೇ ಇಲ್ಲದ ಹುಸಿ ಗುಳಿಗೆ ತಿಂದ 4 ಜನರಲ್ಲಿ 3 ಜನರಿಗೆ ಇನ್ನಷ್ಟು ಹೋಗಿತ್ತು. ಸುಳಿಯ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಣೆಯ ಮೂಲೆಗಳಲ್ಲಿ ಕಡಿಮೆ. ನನ್ನ ವಿಷಯದಲ್ಲಿ ಸುಳಿ ತುಂಬಿಕೊಂಡಿತು, ಮೂಲೆಗಳು ಮಾತ್ರ ಬಗ್ಗಲಿಲ್ಲ. ಆರು ತಿಂಗಳು ಏನೂ ಗೊತ್ತಾಗುವುದಿಲ್ಲ. ಒಂದು ವರ್ಷ ಕೊಡಬೇಕು. ಮೂರನೇ ತಿಂಗಳಿಗೆ "ಇದು ವರ್ಕ್ ಆಗ್ತಿಲ್ಲ" ಎಂದು ಬಿಡುವವರೇ ಜಾಸ್ತಿ. ಗೆದ್ದರೂ ಗೊತ್ತಾಗದ ಆಟ ಇದು, ಏಕೆಂದರೆ ಇಲ್ಲಿ ಗೆಲುವು ಅಂದರೆ ಕನ್ನಡಿಯಲ್ಲಿ ಏನೂ ಬದಲಾಗದೇ ಇರುವುದು. ಅದಕ್ಕೇ ಶುರು ಮಾಡುವ ದಿನವೇ ಒಂದೇ ಬೆಳಕಿನಲ್ಲಿ, ಒಂದೇ ಜಾಗದಲ್ಲಿ ನಿಂತು, ತಲೆ ಒಣಗಿದ್ದಾಗ ನಾಲ್ಕು ಫೋಟೋ ತೆಗೆದಿಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಅಲ್ಲೇ ನಿಂತು ತೆಗೆಯಿರಿ.

ಅದನ್ನು ತಿಂದರೆ "ಆ ವಿಷಯ"ದಲ್ಲಿ ತೊಂದರೆ ಆಗುತ್ತಂತಲ್ಲ?

ಕಂಬದ ಹಿಂದೆ ದನಿ ಇನ್ನೂ ತಗ್ಗುವುದು ಇಲ್ಲಿ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಆಗಬಹುದು. ಆಸೆ ಕಡಿಮೆಯಾಗುವುದು, ಗಟ್ಟಿಯಾಗದೇ ಇರುವುದು, ವೀರ್ಯದ ಪ್ರಮಾಣ ಇಳಿಯುವುದು. ಮೊದಲ ವರ್ಷದ ಪರೀಕ್ಷೆಗಳಲ್ಲಿ ಮಾತ್ರೆ ತಿಂದವರಲ್ಲಿ ನೂರಕ್ಕೆ ಸುಮಾರು 4 ಜನ, ಹುಸಿ ಗುಳಿಗೆ ತಿಂದವರಲ್ಲಿ ನೂರಕ್ಕೆ 2 ಜನ ಇಂಥ ತೊಂದರೆ ಹೇಳಿದ್ದರು. ಬಹಳ ಜನರಿಗೆ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ, ಕೆಲವರಿಗೆ ತಿನ್ನುತ್ತಿದ್ದಾಗಲೇ ಸರಿಹೋಗುತ್ತದೆ. ಇದರಲ್ಲಿ ಮನಸ್ಸಿನ ಆಟವೂ ಇದೆ. 2007ರಲ್ಲಿ ಬಂದ ಇಟಲಿಯ ಒಂದು ಅಧ್ಯಯನದಲ್ಲಿ, ಪ್ರೋಸ್ಟೇಟ್ ರೋಗಿಗಳಿಗೆ ಇದೇ ಔಷಧಿ ಕೊಟ್ಟು, ಅರ್ಧ ಜನರಿಗೆ ಮಾತ್ರ ಈ ತೊಂದರೆ ಬರಬಹುದು ಎಂದು ಮೊದಲೇ ಹೇಳಿದ್ದರು. ಹೇಳಿಸಿಕೊಂಡವರಲ್ಲಿ ನೂರಕ್ಕೆ 44 ಜನ ತೊಂದರೆ ಅಂದರು, ಹೇಳಿಸಿಕೊಳ್ಳದವರಲ್ಲಿ 15.

ಹಾಗಂತ "ಎಲ್ಲಾ ನಿನ್ನ ತಲೆಯಲ್ಲಿರೋದು" ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬಿಟ್ಟ ಮೇಲೂ ತೊಂದರೆ ಉಳಿಯಿತು ಎಂದು ಹೇಳಿದವರಿದ್ದಾರೆ. 2012ರಲ್ಲಿ ಅಮೆರಿಕದ ನಿಯಂತ್ರಕರು ಆ ಎಚ್ಚರಿಕೆಯನ್ನು ಮಾತ್ರೆಯ ಜೊತೆ ಬರುವ ಮಾಹಿತಿ ಚೀಟಿಗೆ ಸೇರಿಸಿದರು. 2025ರಲ್ಲಿ ಯುರೋಪಿನ ಔಷಧ ಸಂಸ್ಥೆ ಆತ್ಮಹತ್ಯೆಯ ಯೋಚನೆ ಬರುವುದನ್ನೂ ಈ ಮಾತ್ರೆಯ ಅಡ್ಡ ಪರಿಣಾಮ ಎಂದು ಖಚಿತಪಡಿಸಿತು. ಮೊದಲಿನಿಂದ ಖಿನ್ನತೆ ಇದ್ದರೆ ಡಾಕ್ಟರಿಗೆ ಅದನ್ನು ಹೇಳದೆ ಶುರು ಮಾಡಬೇಡಿ. ಮನಸ್ಸು ಕುಗ್ಗುತ್ತಿದೆ ಅನಿಸಿದರೆ ಅವತ್ತೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಕೂದಲಿಗಿಂತ ಅದು ದೊಡ್ಡದು. ನನಗೆ ಮೊದಲ ಎರಡು ತಿಂಗಳು ಆಸೆ ಸ್ವಲ್ಪ ತಗ್ಗಿದಂತೆ ಅನಿಸಿತ್ತು. ಮಾತ್ರೆಯಿಂದಲೋ, ಆಗ ಆಫೀಸಿನಲ್ಲಿದ್ದ ಮ್ಯಾನೇಜರಿನಿಂದಲೋ ಹೇಳಲಾರೆ. ಆಮೇಲೆ ಹತ್ತು ವರ್ಷದಲ್ಲಿ ಏನೂ ಆಗಿಲ್ಲ. ಇದು ನನ್ನೊಬ್ಬನ ಮಾತು, ನಿಮಗೆ ಗ್ಯಾರಂಟಿ ಅಲ್ಲ.

ಮಾತ್ರೆ ತಿನ್ನುವಾಗ ಬೇರೆ ಏನು ನೆನಪಿಡಬೇಕು?

ನಾಲ್ಕು ವಿಷಯ, ನಾಲ್ಕನ್ನೂ ಮೆಡಿಕಲ್ ಶಾಪಿನವರು ಹೇಳುವುದಿಲ್ಲ. ಗರ್ಭಿಣಿಯರು ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಮುಟ್ಟಬಾರದು, ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅದರ ಬೆಳವಣಿಗೆಗೆ ಅಪಾಯ. ರಕ್ತದಾನ ಮಾಡುವವರು ಮಾತ್ರೆ ನಿಲ್ಲಿಸಿ ಒಂದು ತಿಂಗಳು ಕಾಯಬೇಕು, ಕಾರಣ ಅದೇ, ಆ ರಕ್ತ ಗರ್ಭಿಣಿಗೆ ಹೋಗಬಹುದು. ಇನ್ನು ವಯಸ್ಸಾದ ಮೇಲೆ ಪ್ರೋಸ್ಟೇಟ್ ಕ್ಯಾನ್ಸರ್ ನೋಡಲು ಮಾಡುವ ಪಿಎಸ್‌ಎ ರಕ್ತ ಪರೀಕ್ಷೆಯ ಅಂಕಿಯನ್ನು ಈ ಮಾತ್ರೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ನೀವು ಹೇಳದಿದ್ದರೆ ಡಾಕ್ಟರ್ "ಎಲ್ಲಾ ನಾರ್ಮಲ್" ಎಂದು ಕಳಿಸಿಬಿಡಬಹುದು. ಮಗುವಿಗಾಗಿ ಪ್ರಯತ್ನ ಮಾಡುತ್ತಿದ್ದು ತಡವಾಗುತ್ತಿದ್ದರೆ ಇದನ್ನೂ ಹೇಳಿ, ಕೆಲವರಲ್ಲಿ ವೀರ್ಯಾಣು ಕಡಿಮೆಯಾಗಿ ಬಿಟ್ಟ ಮೇಲೆ ಏರಿದ್ದಿದೆ.

ಮಿನಾಕ್ಸಿಡಿಲ್ ಹಚ್ಚಿದರೆ ಸಾಕಾಗಲ್ವಾ?

ಮಾತ್ರೆಗೆ ಹೆದರುವವರು ಇಲ್ಲಿಂದ ಶುರು ಮಾಡುತ್ತಾರೆ, ತಪ್ಪಿಲ್ಲ. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತಿಂದವರಿಗೆಲ್ಲ ಮೈ ತುಂಬ ರೋಮ ಬರಲು ಶುರುವಾದಾಗ, ಇದನ್ನು ತಲೆಗೇ ಹಚ್ಚಿದರೆ ಹೇಗೆ ಎಂದು ಯೋಚಿಸಿದರು. 1988ರಲ್ಲಿ ಅಮೆರಿಕದಲ್ಲಿ ನೂರಕ್ಕೆ 2 ಪಾಲಿನ ದ್ರವಕ್ಕೆ ಒಪ್ಪಿಗೆ ಸಿಕ್ಕಿತು. ಈಗ ಗಂಡಸರು ಹಚ್ಚುವುದು 5 ಪಾಲಿನದು, ಹೊತ್ತಿಗೆ 1 ಮಿಲಿಲೀಟರ್, ದಿನಕ್ಕೆ ಎರಡು ಸಲ.

ಇದು ಡಿಎಚ್‌ಟಿಯನ್ನು ಮುಟ್ಟುವುದಿಲ್ಲ. ಹೊಲಕ್ಕೆ ಗೊಬ್ಬರ ಹಾಕಿದ ಹಾಗೆ, ಹುಳ ಹಾಗೇ ಇರುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಬಳಸಿದವರಿಗೆ ಫಲ ಹೆಚ್ಚು. ಶುರು ಮಾಡಿದ ಕೆಲವು ವಾರಕ್ಕೆ ಮೊದಲಿಗಿಂತ ಜಾಸ್ತಿ ಉದುರುತ್ತದೆ. ನಾನು ಅವತ್ತು ಬಾಟಲಿ ಎಸೆಯುವುದರಲ್ಲಿದ್ದೆ. ಅದು ಹಳೇ ಕೂದಲು ಜಾಗ ಬಿಟ್ಟು ಹೊಸದಕ್ಕೆ ದಾರಿ ಮಾಡುವುದು, ನಿಲ್ಲುತ್ತದೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು. ನೆತ್ತಿ ತುರಿಸಿ ಹೊಟ್ಟು ಎದ್ದರೆ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಒಗ್ಗದೆ ಇರಬಹುದು, ನೊರೆಯ ರೂಪದಲ್ಲಿ ಸಿಗುವುದನ್ನು ನೋಡಿ. ರಾತ್ರಿ ಹಚ್ಚಿ ಆರುವ ಮುಂಚೆ ದಿಂಬಿಗೆ ತಲೆ ಕೊಡಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಬಹಳ ಹುಷಾರು, ಬಾಟಲಿ ಮೂತಿ ನೆಕ್ಕಿದರೂ ಅದರ ಪ್ರಾಣಕ್ಕೆ ಕುತ್ತು.

ಇದನ್ನೇ ಕಡಿಮೆ ಪ್ರಮಾಣದ ಮಾತ್ರೆಯಾಗಿ ಈಗ ಬಹಳ ಡಾಕ್ಟರುಗಳು ಬರೆಯುತ್ತಾರೆ. ಹಚ್ಚುವ ಕಾಟ ತಪ್ಪುತ್ತದೆ. ಆದರೆ ಇದು ಹೃದಯ, ರಕ್ತನಾಳದ ಮೇಲೆ ಕೆಲಸ ಮಾಡುವ ಔಷಧಿ. ಕಾಲು ಊದುವುದು, ಎದೆ ಡವಡವ ಅನ್ನುವುದು, ಕಿವಿ ಮೇಲೆಲ್ಲ ರೋಮ ಬರುವುದು ಇದ್ದೇ ಇದೆ. ಗೆಳೆಯನ ಚೀಟಿ ನೋಡಿ ತಿನ್ನುವ ಮಾತ್ರೆ ಇದಲ್ಲ.

ಡುಟಾಸ್ಟರೈಡ್ ಇನ್ನೂ ಸ್ಟ್ರಾಂಗ್ ಅಂತೆ?

ಹೌದು. ಇದೂ ಫಿನಾಸ್ಟರೈಡ್ ಜಾತಿಯದೇ, ಡಿಎಚ್‌ಟಿಯನ್ನು ನೂರಕ್ಕೆ 90 ಪಾಲಿಗೂ ಮೇಲೆ ಇಳಿಸುತ್ತದೆ. ಕೂದಲಿಗೆಂದು ದಕ್ಷಿಣ ಕೊರಿಯಾ 2009ರಲ್ಲಿ, ಜಪಾನ್ 2015ರಲ್ಲಿ ಒಪ್ಪಿಗೆ ಕೊಟ್ಟಿವೆ. ಆದರೆ ದೇಹದಿಂದ ಹೊರಹೋಗಲು ತಿಂಗಳುಗಳು ಬೇಕು, ರಕ್ತದಾನಕ್ಕೆ 6 ತಿಂಗಳು ಕಾಯಬೇಕು. ಮೊದಲ ದಿನವೇ ಇದಕ್ಕೆ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಬಿಟ್ಟರೆ ಏನಾಗುತ್ತದೆ?

ಉಳಿಸಿಕೊಂಡಿದ್ದು ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಹೋಗುತ್ತದೆ. ಔಷಧಿ ಇಲ್ಲದಿದ್ದರೆ ಎಲ್ಲಿರುತ್ತಿದ್ದಿರೋ ಅಲ್ಲಿಗೆ ಬರುತ್ತೀರಿ, ಅದಕ್ಕಿಂತ ಕೆಟ್ಟದಾಗುವುದಿಲ್ಲ.

ಭೃಂಗರಾಜ, ಈರುಳ್ಳಿ ರಸ, ಬಯೋಟಿನ್, ಪಿಆರ್‌ಪಿ?

ನಮ್ಮ ಅಮ್ಮ ದಾಸವಾಳದ ಎಲೆ, ಮೆಂತ್ಯ, ಕರಿಬೇವು ಹಾಕಿ ಕಾಯಿಸಿದ ಎಣ್ಣೆಯನ್ನು ಈಗಲೂ ಊರಿಂದ ಕಳಿಸುತ್ತಾರೆ, ನಾನು ಈಗಲೂ ಹಚ್ಚಿಕೊಳ್ಳುತ್ತೇನೆ. ತಲೆ ತಂಪಾಗುತ್ತದೆ, ಅಮ್ಮನಿಗೆ ಸಮಾಧಾನ. ಡಿಎಚ್‌ಟಿ ಮಾತ್ರ ಕ್ಯಾರೇ ಅನ್ನುವುದಿಲ್ಲ. ಈರುಳ್ಳಿ ರಸದ ಮೇಲೆ ಒಂದು ಸಣ್ಣ ಪ್ರಯೋಗ ನಡೆದಿದೆ, ಆದರೆ ಅದು ಚಕ್ಕೆಯಾಗಿ ಉದುರುವ ಆ ಇನ್ನೊಂದು ಕಾಯಿಲೆಗೆ. ಬಯೋಟಿನ್ ಕೊರತೆ ಇದ್ದವರಿಗಷ್ಟೇ ಕೆಲಸಕ್ಕೆ ಬರುತ್ತದೆ, ಅಂಥವರು ಬಹಳ ಅಪರೂಪ. ಅದನ್ನು ಸುಮ್ನೆ ನುಂಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯೂ, ಹೃದಯಾಘಾತ ಪತ್ತೆಮಾಡುವ ಟ್ರೊಪೋನಿನ್ ಪರೀಕ್ಷೆಯೂ ತಪ್ಪು ತೋರಿಸಬಹುದು. ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ನೆತ್ತಿಗೆ ಚುಚ್ಚುವುದು. ಕೆಲವು ಅಧ್ಯಯನಗಳಲ್ಲಿ ಫಲ ಕಂಡಿದೆ, ಕೆಲವುಗಳಲ್ಲಿ ಇಲ್ಲ, ಮಾಡುವ ವಿಧಾನ ಒಬ್ಬೊಬ್ಬರದು ಒಂದೊಂದು. ಔಷಧಿಯ ಜೊತೆಗೆ ಸೇರಿಸಿಕೊಳ್ಳಿ ಬೇಕಿದ್ದರೆ, ಔಷಧಿಯ ಬದಲಿಗೆ ಬೇಡ. ನೆತ್ತಿಯ ಮೇಲೆ ಉರುಳಿಸುವ ಸಣ್ಣ ಸೂಜಿಗಳ ರೋಲರ್ ಬಗ್ಗೆ ನನಗೆ ಸ್ವಲ್ಪ ಮರ್ಯಾದೆ ಇದೆ, 2013ರಲ್ಲಿ ಮುಂಬೈನ ವೈದ್ಯರು ಮಿನಾಕ್ಸಿಡಿಲ್ ಜೊತೆ ಅದನ್ನು ಸೇರಿಸಿ, ಬರೀ ಮಿನಾಕ್ಸಿಡಿಲ್ಲಿಗಿಂತ ಹೆಚ್ಚು ಕೂದಲು ಬಂದಿದ್ದನ್ನು ತೋರಿಸಿದ್ದಾರೆ.

ಸರಿ, ಕಸಿ ಅಂದರೆ ನಿಜವಾಗಿ ಏನು ಮಾಡುತ್ತಾರೆ?

ಭತ್ತದ ನಾಟಿ ನೋಡಿದವರಿಗೆ ಇದು ಒಂದೇ ನಿಮಿಷಕ್ಕೆ ಅರ್ಥವಾಗುತ್ತದೆ. ಒಟ್ಲಿನಿಂದ ಪೈರು ಕಿತ್ತು ಗದ್ದೆಯಲ್ಲಿ ಊರುತ್ತಾರಲ್ಲ, ಹಾಗೆ ಹಿಂದಲೆಯಿಂದ ಕೂದಲನ್ನು ಬುಡಸಮೇತ ತೆಗೆದು ಮುಂದಲೆಯಲ್ಲಿ ಊರುತ್ತಾರೆ. ಹಿಂದಲೆಯ ಕೂದಲು ಡಿಎಚ್‌ಟಿಗೆ ಜಗ್ಗುವುದಿಲ್ಲ, ಜಾಗ ಬದಲಾಯಿಸಿದರೂ ಆ ಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ ಎಂಬ ಚರ್ಮವೈದ್ಯರು 1950ರ ದಶಕದಲ್ಲಿ ಇದನ್ನು ಕಂಡುಕೊಂಡರು. ಇವತ್ತಿನ ಕಸಿಯೆಲ್ಲ ನಿಂತಿರುವುದು ಆ ಒಂದು ಗುಣದ ಮೇಲೆ.

ಒಂದೊಂದು ಪೈರಿಗೆ ಗ್ರಾಫ್ಟ್ ಎಂದು ಹೆಸರು, ಅದರಲ್ಲಿ 1ರಿಂದ 4 ಕೂದಲು. ತೆಗೆಯುವ ರೀತಿ ಎರಡು. ಹಿಂದಲೆಯಿಂದ ಒಂದು ಪಟ್ಟಿ ಚರ್ಮ ಕೊಯ್ದು ಹೊಲಿಗೆ ಹಾಕುವುದು ಎಫ್‌ಯುಟಿ, ಒಂದು ಗೀಟಿನ ಗಾಯದ ಗುರುತು ಉಳಿಯುತ್ತದೆ. ಒಂದೊಂದೇ ಗ್ರಾಫ್ಟನ್ನು ಸಣ್ಣ ಕೊಳವೆಯಿಂದ ಕೊರೆದು ತೆಗೆಯುವುದು ಎಫ್‌ಯುಇ, ಚುಕ್ಕಿ ಚುಕ್ಕಿ ಗುರುತು ಉಳಿಯುತ್ತದೆ. "ಗಾಯದ ಗುರುತೇ ಇರಲ್ಲ" ಎಂಬ ಜಾಹೀರಾತು ಸುಳ್ಳು. ಈಗ ಹೆಚ್ಚಿನವರು ಮಾಡುವುದು ಎಫ್‌ಯುಇ. ಅದಕ್ಕೆ ಒಬ್ಬೊಬ್ಬರು ಇಟ್ಟುಕೊಂಡಿರುವ ಚಂದದ ಹೆಸರುಗಳಿಗೆ ಮರುಳಾಗಬೇಡಿ.

ನನಗೆ ಎಷ್ಟು ಗ್ರಾಫ್ಟ್ ಬೇಕು?

ಎಷ್ಟು ಬೇಕು ಅನ್ನುವ ಮೊದಲು ಎಷ್ಟು ಇದೆ ಎಂದು ಕೇಳಿ. ಪೂರ್ತಿ ಬೋಳಾಗುವ ದಾರಿಯಲ್ಲಿರುವ ತಲೆಯಲ್ಲಿ ಖಾಲಿಯಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್ ಅಂದುಕೊಳ್ಳಿ. ಹುಟ್ಟಿನಿಂದ ಅಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 80 ಗ್ರಾಫ್ಟಿನಷ್ಟು ದಟ್ಟಣೆ ಇತ್ತು. ಅದೇ ದಟ್ಟಣೆ ವಾಪಸ್ ಬೇಕೆಂದರೆ 16,000 ಗ್ರಾಫ್ಟ್. ಆದರೆ ಹಿಂದಲೆ ಹಾಳಾಗದಂತೆ ಜೀವಮಾನಕ್ಕೆಲ್ಲ ತೆಗೆಯಲು ಸಿಗುವುದು ಸಾಮಾನ್ಯವಾಗಿ 6,000 ಸುಮಾರು, ಅದೃಷ್ಟವಂತರಿಗೆ 8,000. ಒಟ್ಲಿನಲ್ಲಿ ಪೈರು ಇರುವುದೇ ಅಷ್ಟು, ಕಿತ್ತ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಕಸಿ ಮಾಡಿಸಿದವರ ತಲೆ ತುಂಬಿದಂತೆ ಹೇಗೆ ಕಾಣುತ್ತದೆ? ಕಣ್ಣಿಗೆ ಮೋಸ ಮಾಡಿ. ಸಹಜ ದಟ್ಟಣೆಯ ಅರ್ಧದಷ್ಟಿದ್ದರೂ ನೋಡುವವರಿಗೆ ತೆಳು ಅನಿಸುವುದಿಲ್ಲ. ಅದಕ್ಕೇ ಚದರ ಸೆಂಟಿಮೀಟರಿಗೆ 40ರ ಆಸುಪಾಸು ಊರುತ್ತಾರೆ, ಅಂಚಿನಲ್ಲಿ ಒಂಟಿ ಕೂದಲಿನ ಗ್ರಾಫ್ಟ್, ಹಿಂದೆ ಜೋಡಿ ಮತ್ತು ಮೂರು ಕೂದಲಿನದು. ಮುಂದಲೆ ತುಂಬಿದರೆ ಮುಖಕ್ಕೆ ಚೌಕಟ್ಟು ಬರುತ್ತದೆ. ಸುಳಿ ಎನ್ನುವುದು ಬಾವಿ ಇದ್ದಂತೆ, ಎಷ್ಟು ಸುರಿದರೂ ಸಾಲದು, ಅದನ್ನು ಔಷಧಿಗೆ ಬಿಡುವುದು ಜಾಣತನ. ಒಂದೇ ದಿನದಲ್ಲಿ 5,000, 6,000 ಹಾಕುತ್ತೇವೆ ಎನ್ನುವವರ ಮಾತು ಕೇಳಿದರೆ ನಾನು ಎದ್ದು ಬರುತ್ತೇನೆ. ನಾಳೆಗೆ ಏನೂ ಉಳಿಸುವುದಿಲ್ಲ ಅವರು.

ನನಗೆ 23. ಈಗಲೇ ಮಾಡಿಸಿಬಿಡಲಾ?

ಬೇಡ.

26ರಲ್ಲಿ ನಾನೂ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ತಲೆ ನೋಡಿದ್ದು ಡಾಕ್ಟರಲ್ಲ, ಟೈ ಕಟ್ಟಿಕೊಂಡಿದ್ದ ಕೌನ್ಸೆಲರ್ ಹುಡುಗ. ಮಾರ್ಕರ್ ತೆಗೆದು ಹಣೆ ಮೇಲೆ ಗೀಟು ಎಳೆದ, ಎಸ್ಸೆಸ್ಸೆಲ್ಸಿಯಲ್ಲೂ ನನ್ನ ಕೂದಲು ಅಷ್ಟು ಕೆಳಗಿರಲಿಲ್ಲ. "4,000 ಗ್ರಾಫ್ಟ್ ಸಾರ್, ಇವತ್ತೇ ಅಡ್ವಾನ್ಸ್ ಕೊಟ್ರೆ ಡಿಸ್ಕೌಂಟ್, ಇಎಂಐಗೆ ಬಡ್ಡಿ ಇಲ್ಲ." ನನ್ನ ಬೋಳು ಎಲ್ಲಿಯವರೆಗೆ ಹೋಗುತ್ತದೆ, ಅಪ್ಪನ ಕಡೆ ಹೇಗಿದೆ, ಏನನ್ನೂ ಕೇಳಲಿಲ್ಲ. ಕಾರ್ಡು ಜೇಬಿನಿಂದ ತೆಗೆದೂ ಇದ್ದೆ. ಪಿನ್ ಮರೆತುಹೋಯಿತು, ಬಚಾವಾದೆ.

ಯಾಕೆ ಬೇಡ ಅಂದರೆ, 23ರಲ್ಲಿ ನಿಮ್ಮ ಬೋಳು ಎಲ್ಲಿ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನೆಟ್ಟ ಕೂದಲು ಕಲ್ಲಿನ ಹಾಗೆ ಕೂತಿರುತ್ತದೆ, ಅದರ ಹಿಂದಿನ ಸಹಜ ಕೂದಲು ಸರಿಯುತ್ತಲೇ ಹೋಗುತ್ತದೆ. 35ಕ್ಕೆ ಹಣೆಯ ಮೇಲೆ ಒಂದು ಬೇಲಿ, ಹಿಂದೆ ಬಯಲು. ಅದನ್ನು ಮುಚ್ಚಲು ಒಟ್ಲಿನಲ್ಲಿ ಪೈರಿಲ್ಲ. ಮೊದಲು ಔಷಧಿ, ಕನಿಷ್ಠ ಒಂದು ವರ್ಷ, ಬೋಳು ನಿಂತಿದೆ ಎಂದು ಫೋಟೋಗಳು ಹೇಳಲಿ. ಆಮೇಲೂ ಮುಂದಲೆ ಕಾಡಿದರೆ ಆಗ ಕಸಿಯ ಮಾತು. ನೀವು ಕೇಳಿದ "ಮಾತ್ರೆಯಾ, ಕಸಿಯಾ" ಪ್ರಶ್ನೆಗೆ ನನ್ನ ಉತ್ತರ ಇದೇ. ಒಂದನ್ನು ಆರಿಸುವ ವಿಷಯವಲ್ಲ ಇದು, ಯಾವುದು ಮೊದಲು ಎಂಬ ವಿಷಯ.

ಕಸಿ ಆದ ಮೇಲೆ ಮಾತ್ರೆ ಬಿಡಬಹುದು ತಾನೇ?

ನೆಟ್ಟ ಕೂದಲಿಗೆ ಮಾತ್ರೆ ಬೇಡ. ಅದರ ಪಕ್ಕದಲ್ಲಿರುವ ಹಳೇ ಕೂದಲಿಗೆ ಬೇಕು. ಜೀವಮಾನವಿಡೀ ಮಾತ್ರೆ ತಿನ್ನಲು ಮನಸ್ಸಿಲ್ಲ, ಅದಕ್ಕೇ ಕಸಿ ಮಾಡಿಸುತ್ತೇನೆ ಎನ್ನುವವರು ಇದನ್ನು ಎರಡು ಸಲ ಓದಿ. 50 ದಾಟಿ, ಬೋಳು ಒಂದು ಕಡೆ ನೆಲೆ ನಿಂತವರು ಬರೀ ಕಸಿ ಮಾಡಿಸಿಕೊಂಡು ಆರಾಮಾಗಿರಬಹುದು. ವಯಸ್ಸಾಗುವುದು ಈ ಒಂದು ವಿಷಯದಲ್ಲಿ ಲಾಭ.

ಖರ್ಚು ಎಷ್ಟು? ನಿಜ ಹೇಳಿ.

ಕಂಬದ ಹಿಂದಿನ ಪ್ರಶ್ನೆ ಇದು. ಐದು ವರ್ಷದ ಹಿಂದೆ ನಾನು ಕೊಟ್ಟಿದ್ದು ಗ್ರಾಫ್ಟಿಗೆ 45 ರೂಪಾಯಿ, 2,400 ಗ್ರಾಫ್ಟ್, ಅಂದರೆ 1,08,000. ಮೇಲೆ ಜಿಎಸ್‌ಟಿ 18 ಪಾಲು. ಆಸ್ಪತ್ರೆ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಎಂದುಕೊಂಡಿದ್ದೆ, ಆದರೆ ಚಂದಕ್ಕಾಗಿ ಮಾಡಿಸುವ ಕೂದಲು ಕಸಿಯನ್ನು ಕಾನೂನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಆರೋಗ್ಯ ವಿಮೆಯೂ ಬರಲಿಲ್ಲ. ಔಷಧಿಗೆ ನನಗೆ ತಿಂಗಳಿಗೆ ಸುಮಾರು 900 ಆಗುತ್ತದೆ, ವರ್ಷಕ್ಕೆ 10,800, ಹತ್ತು ವರ್ಷಕ್ಕೆ 1,08,000. ಲೆಕ್ಕ ಹಾಕಿದಾಗ ನನಗೇ ನಗು ಬಂತು, ಜಿಎಸ್‌ಟಿ ಬಿಟ್ಟರೆ ಎರಡೂ ಒಂದೇ. ದರ ಊರಿಗೊಂದು, ಕ್ಲಿನಿಕ್ಕಿಗೊಂದು ಇರುತ್ತದೆ. ತೀರಾ ಅಗ್ಗದ ಕಡೆ ಹೋದವರು ಅದನ್ನು ಸರಿಪಡಿಸಲು ಮತ್ತೆ ದುಡ್ಡು ಸುರಿದಿದ್ದನ್ನು ನೋಡಿದ್ದೇನೆ.

ಕ್ಲಿನಿಕ್ ಆರಿಸುವುದು ಹೇಗೆ?

ಒಂದೇ ಪ್ರಶ್ನೆ ಕೇಳಿ: ಕೊಯ್ಯುವುದು, ತೂತು ಮಾಡುವುದು, ಯಾರು? "ಡಾಕ್ಟರ್ ಪ್ಲಾನ್ ಮಾಡ್ತಾರೆ, ನಮ್ಮ ಟೀಮ್ ಮಾಡುತ್ತೆ" ಎಂದರೆ ಆ ಟೀಮಿನಲ್ಲಿ ಎಂಬಿಬಿಎಸ್ ಕೂಡ ಓದದವರು ಇರಬಹುದು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿ, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಯೂಟ್ಯೂಬಿನಲ್ಲಿ ನೋಡಿ ಕಲಿತಿದ್ದು ತರಬೇತಿ ಅಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಯೂಟ್ಯೂಬ್ ಎಂದು ಹೆಸರಿಟ್ಟೇ ಹೇಳಬೇಕಾಯಿತು ಅಂದರೆ ಪರಿಸ್ಥಿತಿ ಊಹಿಸಿಕೊಳ್ಳಿ. 2016ರಲ್ಲಿ ಚೆನ್ನೈನಲ್ಲಿ ಕಸಿ ಮಾಡಿಸಿಕೊಂಡ ಒಬ್ಬ ಯುವಕ ತೀರಿಕೊಂಡ, ಅವನು ಸ್ವತಃ ಮೆಡಿಕಲ್ ಓದುತ್ತಿದ್ದವನು. 2025ರಲ್ಲಿ ಕಾನ್ಪುರದಲ್ಲಿ ಒಬ್ಬ ಇಂಜಿನಿಯರ್ ಸತ್ತಾಗ ಕೇಸು ದಾಖಲಾಗಿದ್ದು ಹಲ್ಲಿನ ಡಾಕ್ಟರ್ ಮೇಲೆ. ಮರಗಟ್ಟಿಸುವ ಮದ್ದು ಅತಿಯಾದರೆ, ಅಲರ್ಜಿಯಾದರೆ, ಸೋಂಕಾದರೆ ನೋಡಿಕೊಳ್ಳಲು ಏನು ವ್ಯವಸ್ಥೆ ಇದೆ ಎಂದು ಬಾಯಿಬಿಟ್ಟು ಕೇಳಿ. ವರ್ಷ ಕಳೆದ, ಒದ್ದೆ ಕೂದಲಿನ, ಹಿಂದಲೆಯ ಫೋಟೋ ತೋರಿಸಿ ಅನ್ನಿ. ಔಷಧಿಯ ಮಾತೇ ಎತ್ತದೆ ನೇರ ಕಸಿಗೆ ಎಳೆಯುವವರನ್ನು ನಂಬಬೇಡಿ.

ಟರ್ಕಿಗೆ ಹೋದರೆ?

ಯುರೋಪಿನಲ್ಲಿರುವ ನಮ್ಮ ಹುಡುಗರು ಕೇಳುತ್ತಾರೆ. ಇಸ್ತಾಂಬುಲ್‌ನಲ್ಲಿ ಒಳ್ಳೆಯವರೂ ಇದ್ದಾರೆ, ದಿನಕ್ಕೆ ಹತ್ತಾರು ತಲೆ ಮುಗಿಸುವ ಕಾರ್ಖಾನೆಗಳೂ ಇವೆ. ಮೇಲಿನ ಪ್ರಶ್ನೆಯನ್ನೇ ಅಲ್ಲೂ ಕೇಳಿ. ತೊಂದರೆಯಾದರೆ ವಿಮಾನ ಹತ್ತಬೇಕು ಎಂಬುದೊಂದು ಜಾಸ್ತಿ.

ನೋವಾಗುತ್ತಾ? ಎಷ್ಟು ದಿನ ರಜೆ ಬೇಕು?

ಮರಗಟ್ಟಿಸುವ ಸೂಜಿಗಳು ಚುಚ್ಚುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಎಂಟು ಗಂಟೆ ಬೇಜಾರು ಮಾತ್ರ, ಮೊದಲರ್ಧ ಬೋರಲು ಮಲಗಿ ಕತ್ತು ಹಿಡಿದುಕೊಂಡಿತು. ಮೂರನೇ ದಿನ ಹಣೆಯ ಊತ ಕಣ್ಣಿಗಿಳಿದು ಜೇನು ಕಡಿದವನ ಹಾಗೆ ಕಂಡೆ. ತಲೆ ಎತ್ತರಕ್ಕಿಟ್ಟು ಮಲಗಬೇಕು, ಹೊಪ್ಪಳೆ ಉದುರಲು ಸುಮಾರು ಹತ್ತು ದಿನ, ಅಲ್ಲಿಯವರೆಗೆ ಕೆರೆಯುವಂತಿಲ್ಲ. ನಾನು ಎರಡು ವಾರ ಮನೆಯಿಂದ ಕೆಲಸ ಮಾಡಿದೆ.

ನಿಜವಾದ ಪರೀಕ್ಷೆ ಆಮೇಲೆ. ಎರಡರಿಂದ ಆರು ವಾರದೊಳಗೆ ನೆಟ್ಟ ಕೂದಲೆಲ್ಲ ಉದುರಿಹೋಗುತ್ತದೆ. ಬುಡ ಒಳಗಿರುತ್ತದೆ, ಆದರೆ ಕನ್ನಡಿಗೆ ಅದು ಗೊತ್ತಿಲ್ಲ. ಅಕ್ಕಪಕ್ಕದ ಹಳೇ ಕೂದಲೂ ಆಘಾತಕ್ಕೆ ಸ್ವಲ್ಪ ಉದುರಿ ಮೊದಲಿಗಿಂತ ಅಧ್ವಾನವಾಗಿ ಕಾಣುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಳಕೆ, ಪೂರ್ತಿ ಫಲಕ್ಕೆ ಹತ್ತಿರ ಹತ್ತಿರ ಒಂದು ವರ್ಷ. ಆದ್ದರಿಂದ "ಮಾಘದಲ್ಲಿ ಮದುವೆ, ದೀಪಾವಳಿಗೆ ಕಸಿ ಮಾಡಿಸ್ಲಾ?" ಎಂದು ಕೇಳಿದ ತಮ್ಮನಿಗೆ ಉತ್ತರ: ಮದುವೆ ಫೋಟೋದಲ್ಲಿ ನೀನು ಈಗಿರುವುದಕ್ಕಿಂತ ಬೋಳಾಗಿ ಬರುತ್ತೀಯ. ಪೇಟ ದೊಡ್ಡದು ಕಟ್ಟಿಸು.

ಹುಡುಗಿ ಮನೆಯವರಿಗೆ ಹೇಳಬೇಕಾ?

ಹುಡುಗಿಗೆ ಹೇಳಿ. ಮಾತ್ರೆ ತಿನ್ನುತ್ತಿದ್ದರೆ ಖಂಡಿತ ಹೇಳಿ, ನಾಳೆ ಬಸುರಿನ ವಿಷಯ ಬಂದಾಗ ಅವಳಿಗೆ ಗೊತ್ತಿರಲೇಬೇಕು. ಅವಳ ಚಿಕ್ಕಪ್ಪನಿಗೆ ಹೇಳಬೇಕಿಲ್ಲ.

ಏನೂ ಮಾಡದೇ ಇದ್ದರೆ?

ಆಗಬಹುದು. ಇದು ಪ್ರಾಣಕ್ಕೆ ಸಂಬಂಧಪಟ್ಟ ಕಾಯಿಲೆಯಲ್ಲ, ಯಾವ ಡಾಕ್ಟರೂ ಮಾಡಿಸಲೇಬೇಕು ಅನ್ನುವುದಿಲ್ಲ. ನಮ್ಮಣ್ಣನದೂ ನನ್ನದೇ ತಲೆ, ಬೋಳು ನನಗಿಂತ ಬೇಗ ಶುರುವಾಗಿತ್ತು. ಒಂದು ತಿಂಗಳು ಮಿನಾಕ್ಸಿಡಿಲ್ ಹಚ್ಚಿದ, ಜಿಡ್ಡು ಅಂತ ಬಿಟ್ಟ. ಹೇರ್ ಪ್ಯಾಚ್ ಹಾಕಿಸಿದ, ಮೇ ತಿಂಗಳ ಸೆಕೆಗೆ ಅದನ್ನೂ ಕಿತ್ತೆಸೆದ. ಕೊನೆಗೆ ಅತ್ತಿಗೆ ಜೊತೆ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದವನು ಮತ್ತೆ ಬೆಳೆಸಲೇ ಇಲ್ಲ. ಭಾನುವಾರ ಬೆಳಗ್ಗೆ ಟ್ರಿಮ್ಮರ್ ಹಿಡಿದು ಐದು ನಿಮಿಷಕ್ಕೆ ಮುಗಿಸುತ್ತಾನೆ. ಏಳು ವರ್ಷವಾಯಿತು. ಯಾರಾದರೂ ಕೇಳಿದರೆ, ಹರಕೆ ಇನ್ನೂ ತೀರಿಲ್ಲ ಅನ್ನುತ್ತಾನೆ.